ಸಮಿಕ್ ಸೇಜ್: ಕಲಿಸುವವರು ಕೈಗಿಡುವ ಬಿಲ್ಲು

ಸಮಿಕ್ ಸೇಜ್ ಬಿಲ್ಲನ್ನು ಹಲವರು ಮೊದಲು ನೋಡುವುದು ಇನ್ನೊಬ್ಬರ ಕೈಯಲ್ಲಿ. ಅಭ್ಯಾಸದ ಬಯಲಿಗೆ ಸುಮ್ಮನೆ ನೋಡಲು ಬಂದು ನಿಂತವರನ್ನು ಹಳಬರೊಬ್ಬರು ಕರೆದು, "ಬನ್ನಿ, ಒಂದೆರಡು ಬಾಣ ಬಿಟ್ಟು ನೋಡಿ" ಎಂದು ಕೊಡುವುದು ಸಾಮಾನ್ಯವಾಗಿ ಈ ಬಿಲ್ಲನ್ನು, ಇಲ್ಲವೇ ಇದರದೇ ಅಳತೆಯ ಇನ್ನೊಂದನ್ನು. ತಮ್ಮ ಒಳ್ಳೆಯ ಬಿಲ್ಲನ್ನು ಚೀಲದಲ್ಲಿಟ್ಟುಕೊಂಡು, ಹೊಸಬರಿಗಾಗಿಯೇ ಇನ್ನೊಂದು ಬಿಲ್ಲನ್ನು ವರ್ಷಗಟ್ಟಲೆ ಹೊತ್ತು ತರುವವರಿದ್ದಾರೆ. ಸಾಂಪ್ರದಾಯಿಕ ಬಿಲ್ಲುಗಾರಿಕೆ ಇವತ್ತಿಗೂ ಉಳಿದಿರುವುದು ಅಂಥವರಿಂದ. ಇದು ಬಿಲ್ಲಿನ ವಿಮರ್ಶೆಯೇ. ಆದರೆ ಈ ಬಿಲ್ಲಿನ ಗುಣ ಹೇಳಹೊರಟರೆ ಅವರ ಮಾತು ತಾನಾಗಿ ಬರುತ್ತದೆ, ಏಕೆಂದರೆ ಇನ್ನೊಬ್ಬರಿಗೆ ಕೊಡಲು ಬರುವುದೇ ಇದರ ದೊಡ್ಡ ಗುಣ.

ಸಮಿಕ್ ದಕ್ಷಿಣ ಕೊರಿಯಾದ ಕಂಪನಿ. ಸೇಜ್ ಅವರ ಟೇಕ್‌ಡೌನ್ ರಿಕರ್ವ್, ಅಂದರೆ ಮೂರು ತುಂಡಾಗಿ ಬಿಚ್ಚಿಡಬಹುದಾದ, ತುದಿಗಳು ಹೊರಕ್ಕೆ ಬಾಗಿದ ಬಿಲ್ಲು. ನಡುವೆ ಹಿಡಿಯುವ ಮರದ ಭಾಗ ರೈಸರ್, ಮೇಲೊಂದು ಕೆಳಗೊಂದು ಬಾಗುವ ತೋಳು, ಅಂದರೆ ಲಿಂಬ್. ಉದ್ದ 62 ಇಂಚು. ಲಿಂಬ್‌ಗಳು, ಸೆಳೆಯಲು ಬೇಕಾದ ಬಲದ ಲೆಕ್ಕದಲ್ಲಿ, 25 ಪೌಂಡ್‌ನಿಂದ 60 ಪೌಂಡ್‌ವರೆಗೆ, ಐದೈದು ಪೌಂಡ್ ಹೆಚ್ಚುತ್ತ ಸಿಗುತ್ತವೆ. ಬಲಗೈಯವರಿಗೂ ಎಡಗೈಯವರಿಗೂ ಬೇರೆಬೇರೆ ರೈಸರ್ ಇದೆ. ರೈಸರ್ ಹಲವು ಮರದ ಪದರಗಳನ್ನು ಅಂಟಿಸಿ ಕಡೆದದ್ದು. ಲಿಂಬ್‌ನ ಒಳಗೆ ಮೇಪಲ್ ಮರ, ಹೊರಗೆ ಫೈಬರ್‌ಗ್ಲಾಸ್. ಮುಂದೆ ಬೇಕೆನಿಸಿದರೆ ಗುರಿ ನೋಡುವ ಸೈಟ್, ಬಾಣದ ಬದಿಗೆ ಆನುವ ಪ್ಲಂಜರ್, ಬಿಲ್ಲು ಅಲುಗದಂತೆ ತಡೆಯುವ ಸ್ಟೆಬಿಲೈಸರ್ ತಿರುಗಿಸಿ ಕೂರಿಸಲು ಮರದೊಳಗೆ ಹಿತ್ತಾಳೆಯ ತುಂಡುಗಳನ್ನು ಮೊದಲೇ ಇಟ್ಟಿರುತ್ತಾರೆ. ಈಗ ಅದೇ ಬಗೆಯ ಬಿಲ್ಲು ಅಮೆರಿಕದಲ್ಲಿ ಗ್ಯಾಲಕ್ಸಿ ಸೇಜ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ಅಲ್ಲಿ ಬಹುಕಾಲ 150 ಡಾಲರ್ ಆಸುಪಾಸಿನಲ್ಲಿ ಸಿಗುತ್ತಿತ್ತು. ಭಾರತಕ್ಕೆ ತರಿಸುವಾಗ ಸಾಗಣೆ ಮತ್ತು ಸುಂಕ ಸೇರಿ ಬೆಲೆ ಚೆನ್ನಾಗಿಯೇ ಏರುತ್ತದೆ. ಆದ್ದರಿಂದ ಯಾರಾದರೂ ಬಳಸಿ ಬಿಟ್ಟದ್ದು ಸಿಕ್ಕರೆ ಪರೀಕ್ಷಿಸಿ ಕೊಳ್ಳುವುದು ಮೇಲು. ಆ ಪರೀಕ್ಷೆಯ ವಿವರ ಮುಂದೆ ಬರುತ್ತದೆ.

ತಯಾರಕರು ಕೊರಿಯಾದವರಾದರೂ ಇದು ಕೊರಿಯಾದ ಸಾಂಪ್ರದಾಯಿಕ ಬಿಲ್ಲಲ್ಲ. ಅಲ್ಲಿನ ಗಾಕ್‌ಗುಂಗ್ ಕೊಂಬು, ಸ್ನಾಯು, ಬಿದಿರು ಸೇರಿಸಿ ಮಾಡುವ ಗಿಡ್ಡ ಬಿಲ್ಲು. ಅದನ್ನು ಹೆಬ್ಬೆರಳಲ್ಲಿ ಸೆಳೆದು 145 ಮೀಟರ್ ದೂರದ ಗುರಿಗೆ ಬಿಡುತ್ತಾರೆ. ಸೇಜ್‌ನ ಮನೆತನ ಅಮೆರಿಕದ ಬೇಟೆ ಬಿಲ್ಲಿನದು. ಆ ಮನೆತನದ ಮೊದಲ ಪುಟದಲ್ಲೇ ಋಣದ ಕಥೆಯೊಂದಿದೆ. 1911ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್ ಊರಿಗೆ ಯಾಹಿ ಜನಾಂಗದ ಕೊನೆಯ ಮನುಷ್ಯ ಒಬ್ಬನೇ ನಡೆದು ಬಂದ. ಅವನನ್ನು ಇಶಿ ಎಂದು ಕರೆದರು. ಯಾಹಿ ಭಾಷೆಯಲ್ಲಿ ಅದರ ಅರ್ಥ ಮನುಷ್ಯ. ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಅವನು ಇದ್ದ ದಿನಗಳಲ್ಲಿ, ಅವನಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಬಿಲ್ಲು ಮಾಡುವುದನ್ನೂ ಬಾಣ ಕಟ್ಟುವುದನ್ನೂ ಅವನಿಂದ ಕಲಿತರು. ಇಶಿ 1916ರ ಮಾರ್ಚ್‌ನಲ್ಲಿ ಕ್ಷಯದಿಂದ ತೀರಿಕೊಂಡ. ಪೋಪ್ 1923ರಲ್ಲಿ ಬಿಲ್ಲುಬೇಟೆಯ ಬಗ್ಗೆ ಪುಸ್ತಕ ಬರೆದಾಗ ಮೊದಲ ಅಧ್ಯಾಯವನ್ನೇ ಇಶಿಗೆ ಕೊಟ್ಟರು. ಪೋಪ್‌ರ ಜೊತೆಗಾರ ಆರ್ಟ್ ಯಂಗ್. ಯಂಗ್‌ರಿಂದ ಬಿಲ್ಲಿನ ಹುಚ್ಚು ಹಿಡಿಸಿಕೊಂಡವರು ಫ್ರೆಡ್ ಬೇರ್. ಕಾರ್ಖಾನೆಯಲ್ಲಿ ತಯಾರಾದ ರಿಕರ್ವ್ ಬಿಲ್ಲನ್ನು ಅಮೆರಿಕದ ಸಾಮಾನ್ಯ ಮನೆಗಳಿಗೆ ಮುಟ್ಟಿಸಿದವರಲ್ಲಿ ಬೇರ್ ಮುಂಚೂಣಿಯವರು. ಇವತ್ತು ಸೇಜ್ ಹಿಡಿದವರ ಬೆನ್ನಿಗೆ ಈ ಸಾಲೆಲ್ಲ ಇದೆ. ಒಂದು ವಿವರ ಕುತೂಹಲದ್ದು: ಇಶಿ ಹೆದೆಯನ್ನು ಹೆಬ್ಬೆರಳಲ್ಲಿ ಸೆಳೆಯುತ್ತಿದ್ದ, ಪೋಪ್ ಇಂಗ್ಲಿಷ್ ಪದ್ಧತಿಯ ಮೂರು ಬೆರಳನ್ನು ಬಿಡಲಿಲ್ಲ. ಗುರುವಿನ ಕೈಯನ್ನು ಹಾಗೇ ನಕಲು ಮಾಡದೆಯೂ ಗುರುವಿನಿಂದ ಕಲಿಯಬಹುದು.

ಈಗ ಮುಖ್ಯ ವಿಷಯ, ಪೌಂಡ್. ಸೇಜ್ ಕೊಳ್ಳುವಾಗ ಆಗುವ ಅತಿ ದೊಡ್ಡ ತಪ್ಪು ಇಲ್ಲೇ. ವ್ಯಾಯಾಮ ಮಾಡಿದ ಮೈಯವರು, "40 ಪೌಂಡ್ ಅಂದರೆ 18 ಕಿಲೋ ತಾನೆ, ಅದೇನು ಮಹಾ" ಎಂದು 40ರ ಲಿಂಬ್ ಕೊಳ್ಳುತ್ತಾರೆ. 18 ಕಿಲೋ ಒಮ್ಮೆ ಎತ್ತುವುದು ಸುಲಭ. ಬಿಲ್ಲಿನಲ್ಲಿ ಅದನ್ನು ಮೂರು ಬೆರಳ ಗೆಣ್ಣಿನಲ್ಲಿ ಹಿಡಿದು, ಬೆನ್ನಿನ ಸ್ನಾಯುವಿನಿಂದ ಸೆಳೆದು, ಅಲುಗದೆ ನಿಲ್ಲಿಸಿ, ಗುರಿ ನೋಡಿ ಬಿಡಬೇಕು. ಒಂದು ಸಂಜೆಗೆ 60 ಬಾಣ ಬಿಟ್ಟರೆ 25 ಪೌಂಡ್ ಬಿಲ್ಲಿನಲ್ಲೇ ಒಟ್ಟು 1,500 ಪೌಂಡ್, ಅಂದರೆ ಸುಮಾರು 680 ಕಿಲೋ ಸೆಳೆದಂತಾಯಿತು. 40ರಲ್ಲಿ ಅದು 1,090 ಕಿಲೋ. ದಿನನಿತ್ಯದ ಬೇರೆ ಯಾವ ಕೆಲಸದಲ್ಲೂ ಈ ಸ್ನಾಯುಗಳು ಹೀಗೆ ದುಡಿಯುವುದಿಲ್ಲ. ಭಾರ ಮೀರಿದ ಬಿಲ್ಲು ಕಲಿಸುವುದು ಕೆಟ್ಟ ಚಾಳಿಗಳನ್ನು ಮಾತ್ರ: ಹೆದೆ ಗಲ್ಲಕ್ಕೆ ಬರುವ ಮೊದಲೇ ಬಿಟ್ಟುಬಿಡುವುದು, ಭುಜವನ್ನು ಕಿವಿಯತ್ತ ಎತ್ತುವುದು, ಸೆಳೆಯುವಾಗ ಸೊಂಟ ಹಿಂದಕ್ಕೆ ವಾಲಿಸುವುದು. ಇವು ಮೈಗೆ ಹತ್ತಿದ ಮೇಲೆ ಬಿಡಿಸಲು ವರ್ಷ ಬೇಕು. ಭುಜದ ಸ್ನಾಯುರಜ್ಜು ನೊಂದರೆ ತಿಂಗಳುಗಟ್ಟಲೆ ಬಿಲ್ಲು ಮುಟ್ಟುವಂತಿಲ್ಲ.

"ಬೇಡ, 25 ತಗೊಳ್ಳಿ" ಎಂದು ಹೇಳುವವರ ಮಾತು ಕೇಳುವಾಗ ಹೊಸಬರಿಗೆ ಸ್ವಲ್ಪ ಅವಮಾನವಾಗುತ್ತದೆ. ಎರಡು ವರ್ಷದ ನಂತರ ಅದೇ ಮಾತಿಗೆ ಕೈ ಮುಗಿಯಬೇಕೆನಿಸುತ್ತದೆ. ಮಾರುವವರಿಗೆ ಯಾವ ಲಿಂಬ್ ಮಾರಿದರೂ ಅಷ್ಟೇ. ಕಲಿಸುವವರು ಮಾತ್ರ ಎದುರಿನವರ ಮುನಿಸನ್ನೂ ಸಹಿಸಿಕೊಂಡು ಕಡಿಮೆಯದನ್ನು ಹೇಳುತ್ತಾರೆ.

ಲಿಂಬ್ ಮೇಲೆ ಬರೆದ ಪೌಂಡ್ 28 ಇಂಚು ಸೆಳೆದಾಗಿನ ಲೆಕ್ಕ. ನಿಮ್ಮ ಸೆಳೆತ ಎಷ್ಟೆಂದು ಅಂದಾಜಿಸಲು ಎರಡೂ ಕೈ ಚಾಚಿ, ನಡುಬೆರಳ ತುದಿಯಿಂದ ತುದಿಗೆ ಅಳೆದು 2.5ರಿಂದ ಭಾಗಿಸಿ. 65 ಇಂಚು ಬಂದರೆ ಸೆಳೆತ 26 ಇಂಚು. ಪ್ರತಿ ಇಂಚಿಗೆ ಸರಿಸುಮಾರು 2ರಿಂದ 2.5 ಪೌಂಡ್ ವ್ಯತ್ಯಾಸವಾಗುವುದರಿಂದ, ಇವರ ಕೈಯಲ್ಲಿ 30ರ ಲಿಂಬ್ ಸುಮಾರು 25 ಪೌಂಡ್ ಆಗುತ್ತದೆ, 25ರದ್ದು 20 ಪೌಂಡ್‌ಗೆ ಇಳಿಯುತ್ತದೆ. ನಮ್ಮ ಶಿಫಾರಸು ಇಷ್ಟೇ: ಮೊದಲ ಬಿಲ್ಲು ಹಿಡಿಯುವ ದೊಡ್ಡವರಿಗೆ 25, ಗಟ್ಟಿ ಭುಜದವರಿಗೂ 30ಕ್ಕಿಂತ ಹೆಚ್ಚು ಬೇಡ. ಪೂರ್ತಿ ಸೆಳೆದು ಆರೇಳು ಸೆಕೆಂಡ್ ನಿಲ್ಲಿಸಿದಾಗ ಬಾಣದ ಮೊನೆ ನಡುಗತೊಡಗಿದರೆ ಆ ಲಿಂಬ್ ಸದ್ಯಕ್ಕೆ ನಿಮ್ಮದಲ್ಲ. ಹನ್ನೆರಡು ಹದಿಮೂರರ ಮಕ್ಕಳಿಗೆ ಸೇಜ್ ಸರಿಯೇ ಅಲ್ಲ. 25 ಪೌಂಡ್‌ಗಿಂತ ಕಡಿಮೆಯ ಲಿಂಬ್ ಸಮಿಕ್‌ನ ಪಟ್ಟಿಯಲ್ಲಿ ಇರಲಿಲ್ಲ, 62 ಇಂಚಿನ ಬಿಲ್ಲು ಅವರ ಎತ್ತರಕ್ಕೂ ಹೊರೆ. ಅವರಿಗೆ 54 ಇಂಚಿನ, 14ರಿಂದ 18 ಪೌಂಡ್‌ನ ಬೇರೆ ಬಿಲ್ಲು ಹುಡುಕಬೇಕು. ಈ ಬಿಲ್ಲಿನಲ್ಲಿ ನಮಗೆ ಕಾಣುವ ಮೊದಲ ಕೊರತೆ ಇದು, ಚಿಕ್ಕದಲ್ಲ.

ಸೆಳೆತದ ಬಗ್ಗೆ ಇನ್ನೊಂದು ಮಾತು ಕನ್ನಡದವರಿಗಾಗಿಯೇ ಹೇಳಬೇಕು. ಮಹಾಭಾರತ ಕೇಳಿ ಬೆಳೆದ ನಮಗೆ ಬಿಲ್ಲೆಂದರೆ ಕಿವಿವರೆಗೆ ಸೆಳೆಯುವುದು ಎಂಬ ಚಿತ್ರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಯಕ್ಷಗಾನದ ಅರ್ಜುನನೂ ಹಾಗೇ ನಿಲ್ಲುತ್ತಾನೆ. ಹೆಬ್ಬೆರಳ ಸೆಳೆತದ, ಉದ್ದ ಬಾಣದ ಬಿಲ್ಲುಗಳಿಗೆ ಅದು ಸರಿ. ಸೇಜ್ ಅದಕ್ಕೆ ಹೇಳಿದ್ದಲ್ಲ. 29 ಇಂಚು ದಾಟಿದರೆ 62 ಇಂಚಿನ ಲಿಂಬ್ ಗೋಡೆಗೆ ತಾಗಿದಂತೆ ಗಡುಸಾಗುತ್ತದೆ, ಪ್ರತಿ ಇಂಚಿಗೆ ಏರುವ ಭಾರ ಒಮ್ಮೆಲೇ ಹೆಚ್ಚುತ್ತದೆ, ಬೆರಳುಗಳನ್ನು ಹೆದೆ ಚಿವುಟುತ್ತದೆ. ಬಾಣದ ಮೊನೆ ರೈಸರ್ ದಾಟಿ ಒಳಕ್ಕೆ ಬಂದರೆ ಬಿಟ್ಟ ಬಾಣ ಮುಂಗೈಗೇ ಹೊಕ್ಕೀತು. ಇಲ್ಲಿ ಹೆದೆ ನಿಲ್ಲಬೇಕಾದ ಜಾಗ ತುಟಿಯ ಅಂಚು: ತೋರುಬೆರಳು ಇಲ್ಲವೇ ನಡುಬೆರಳು ಪ್ರತಿಸಲ ಅದೇ ಮೂಲೆಗೆ ತಾಗಲಿ. 6 ಅಡಿಗಿಂತ ಎತ್ತರದವರು, 29ಕ್ಕಿಂತ ಹೆಚ್ಚು ಸೆಳೆತವಿರುವವರು 64 ಇಲ್ಲವೇ 66 ಇಂಚಿನ ಬಿಲ್ಲು ನೋಡುವುದು ಒಳ್ಳೆಯದು.

ಜೋಡಿಸುವುದು ಸುಲಭ, ಆದರೆ ತಪ್ಪಿಗೆ ಜಾಗವಿದೆ. ಪೌಂಡ್ ಬರೆದಿರುವ ಲಿಂಬ್ ಕೆಳಗಿನದು. ರೈಸರ್‌ನಲ್ಲಿ ಬಾಣ ಕೂರುವ ಚಾಚು, ಅಂದರೆ ಶೆಲ್ಫ್, ಹಿಡಿಯ ಮೇಲಿರಬೇಕು. ಲಿಂಬ್‌ನ ತೂತನ್ನು ರೈಸರ್‌ನ ಪಿನ್‌ಗೆ ಕೂರಿಸಿ, ಬೋಲ್ಟನ್ನು ಕೈಯಲ್ಲೇ ತಿರುಗಿಸಿ ಬಿಗಿ ಮಾಡಿ. ಇಕ್ಕಳ ಬೇಡ. ಮಿತಿಮೀರಿ ಬಿಗಿದರೆ ಮರದೊಳಗಿನ ಹಿತ್ತಾಳೆಯ ತುಂಡು ಕಿತ್ತು ಬರುತ್ತದೆ, ಆಮೇಲೆ ರೈಸರ್ ಕೆಲಸಕ್ಕೆ ಬಾರದು. ಸಡಿಲವಿದ್ದರೆ ಬಾಣ ಬಿಟ್ಟಾಗ ಟಕ್ ಎಂಬ ಸದ್ದು ಬರುತ್ತದೆ. ಹೆದೆ ಏರಿಸುವ ಮೊದಲೇ ಬಿಗಿ ಮಾಡಿ, 50 ಬಾಣ ಬಿಟ್ಟ ಮೇಲೆ ಹೆದೆ ಇಳಿಸಿ ಇನ್ನೊಮ್ಮೆ ನೋಡಿ.

ಹೆದೆ ಏರಿಸುವಲ್ಲಿ ಎರಡು ಅನಾಹುತಗಳು ಆಗುತ್ತವೆ. ಒಂದು, ಬಿಲ್ಲನ್ನು ತಿರುವುಮುರುವಾಗಿ ಬಗ್ಗಿಸುವುದು. ಹೆದೆ ಇಲ್ಲದಾಗ ರಿಕರ್ವ್ ಬಿಲ್ಲು ನೋಡಲು ಉಲ್ಟಾ ಕಾಣುತ್ತದೆ. ತುದಿಗಳು ಬಿಲ್ಲುಗಾರನಿಂದ ಆಚೆಗೆ, ಗುರಿಯ ಕಡೆಗೆ ಬಾಗಿರಬೇಕು. ಅರಿಯದೆ ಇನ್ನೊಂದು ದಿಕ್ಕಿಗೆ ಬಗ್ಗಿಸಿದರೆ ಲಿಂಬ್‌ನ ಪದರ ಬಿಡುತ್ತದೆ. ಎರಡನೆಯದು, ಕಾಲಿನ ಸಂದಿಯಲ್ಲಿ ಬಿಲ್ಲು ತೂರಿಸಿ ತೊಡೆಗೆ ಒತ್ತಿ ಬಗ್ಗಿಸುವ ಹಳೆಯ ರೂಢಿ. ಲಿಂಬ್ ಒಂದು ಬದಿಗೆ ತಿರುಚಿಕೊಳ್ಳುವುದು ಬಹುತೇಕ ಹೀಗೆಯೇ. ಕೈ ಜಾರಿದರೆ ಬಿಲ್ಲಿನ ತುದಿ ಮುಖಕ್ಕೆ ಬಡಿಯುತ್ತದೆ.

ಇದಕ್ಕೆ ಬೋ ಸ್ಟ್ರಿಂಗರ್ ಎಂಬ ಹಗ್ಗ ಸಿಗುತ್ತದೆ, ಬಿಲ್ಲಿನ ಜೊತೆಗೇ ಕೊಳ್ಳಿ. ಕ್ರಮ ಹೀಗೆ: ಹೆದೆಯ ದೊಡ್ಡ ಕುಣಿಕೆಯನ್ನು ಮೇಲಿನ ಲಿಂಬ್‌ಗೆ ತೂರಿಸಿ ಒಂದು ಗೇಣು ಕೆಳಕ್ಕೆ ಬಿಡಿ. ಚಿಕ್ಕ ಕುಣಿಕೆಯನ್ನು ಕೆಳಗಿನ ಲಿಂಬ್‌ನ ಕಚ್ಚಿಗೆ ಕೂರಿಸಿ. ಸ್ಟ್ರಿಂಗರ್‌ನ ದೊಡ್ಡ ಚರ್ಮದ ಟೋಪಿ ಕೆಳಗಿನ ತುದಿಗೆ ಬರಲಿ. ಇನ್ನೊಂದು ಕೊನೆ ಮೇಲಿನ ಲಿಂಬ್ ಮೇಲೆ, ಹೆದೆಯ ಕುಣಿಕೆಗಿಂತ ಒಳಗೆ ಕೂರಲಿ. ಹೆದೆ ನೆಲದ ಕಡೆಗಿರುವಂತೆ ಬಿಲ್ಲು ಹಿಡಿದು, ಸ್ಟ್ರಿಂಗರ್‌ನ ಹಗ್ಗವನ್ನು ಎರಡೂ ಪಾದದಿಂದ ಮೆಟ್ಟಿ, ಹಿಡಿಯನ್ನು ನೇರ ಮೇಲಕ್ಕೆ ಎಳೆಯಿರಿ. ಲಿಂಬ್ ಬಾಗಿದಾಗ ಇನ್ನೊಂದು ಕೈಯಿಂದ ಮೇಲಿನ ಕುಣಿಕೆಯನ್ನು ಕಚ್ಚಿಗೆ ಸರಿಸಿ. ಮುಖ ಲಿಂಬ್‌ನ ನೇರಕ್ಕೆ ಇರಬಾರದು. ಕೆಳಗಿಳಿಸುವ ಮೊದಲು ಎರಡೂ ಕುಣಿಕೆ ಕಚ್ಚಿನಲ್ಲಿ ಕೂತಿವೆಯೇ ಎಂದು ಕಣ್ಣಿಂದ ನೋಡಿ, ಆಮೇಲೆ ನಿಧಾನವಾಗಿ ಬಿಡಿ. ಪುಸ್ತಕದಲ್ಲಿ ಓದಿ ಇದನ್ನು ಕಲಿಯಬಹುದು. ಆದರೂ ಮೊದಲ ನಾಲ್ಕಾರು ಸಲ ಪಕ್ಕದಲ್ಲಿ ನಿಂತು, "ಕೆಳಗಿನ ಕುಣಿಕೆ ನೋಡಿ, ಜಾರಿದೆ" ಎನ್ನುವ ಒಬ್ಬರು ಇದ್ದರೆ ಅದಕ್ಕೆ ಸಮ ಯಾವುದೂ ಇಲ್ಲ. ಬಾಣ ಬಿಡಲು ಕಲಿಸಿದವರನ್ನು ಎಲ್ಲರೂ ನೆನೆಯುತ್ತಾರೆ. ಹೆದೆ ಏರಿಸಲು ಕಲಿಸಿದವರಿಗೂ ಅಷ್ಟೇ ಋಣಿಗಳಾಗಿರಬೇಕು.

ಏರಿಸಿದ ಮೇಲೆ ಬಿಲ್ಲನ್ನು ಕುರ್ಚಿಗೆ ಅಡ್ಡಲಾಗಿ ಆನಿಸಿ, ಹೆದೆಯ ಹಿಂದಿನಿಂದ ಒಂದೇ ಕಣ್ಣಿನಲ್ಲಿ ನೋಡಿ. ಹೆದೆ ಎರಡೂ ಲಿಂಬ್‌ಗಳ ನಟ್ಟನಡುವೆ ಹಾಯಬೇಕು. ಒಂದು ಲಿಂಬ್‌ನಲ್ಲಿ ಬದಿಗೆ ಸರಿದಿದ್ದರೆ ಮೊದಲು ಹೆದೆ ಇಳಿಸಿ ಬೋಲ್ಟ್ ಸಡಿಲಿಸಿ, ಲಿಂಬನ್ನು ಇನ್ನೊಂದು ಬದಿಗೆ ಒತ್ತಿ ಹಿಡಿದು ಮತ್ತೆ ಬಿಗಿ ಮಾಡಿ ನೋಡಿ. ಸೇಜ್‌ನ ಲಿಂಬ್ ಕೂರುವ ತಾಣದಲ್ಲಿ ಕೊಂಚ ಸಡಿಲ ಇರುವುದುಂಟು, ಬಹಳ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಆಗದಿದ್ದರೆ ಲಿಂಬ್ ತಿರುಚಿಕೊಂಡಿದೆ ಎಂದರ್ಥ. ಹೊಸದಾದರೆ ಬದಲಿಸಿ ಕೇಳಿ. ಹಳೆಯದಾದರೆ ಕೊಳ್ಳಬೇಡಿ. ಬಳಸಿದ ಬಿಲ್ಲು ಕೊಳ್ಳುವಾಗ ಇದರ ಜೊತೆಗೆ ಇನ್ನೆರಡು ನೋಡಬೇಕು: ಲಿಂಬ್‌ನ ಅಂಚಿನುದ್ದಕ್ಕೂ ಹತ್ತಿಯ ಉಂಡೆ ಸವರಿ, ಎಳೆ ಸಿಕ್ಕಿಕೊಂಡ ಕಡೆ ಬಿರುಕಿದೆ. ಬೋಲ್ಟ್‌ನ ತೂತಿನ ಸುತ್ತ ಉಗುರಿನಿಂದ ಗೀರಿ ನೋಡಿ, ಅಲ್ಲಿ ಸೀಳು ಕಂಡರೆ ವಾಪಸು ಕೊಡಿ. ಹೊಳಪು ಮಾಸಿದ್ದು, ಬಣ್ಣ ಕೆತ್ತಿದ್ದು ಲೆಕ್ಕಕ್ಕಿಲ್ಲ.

ಬಿಲ್ಲಿನ ಜೊತೆ ಬರುವ ಹೆದೆ ಡಾಕ್ರಾನ್ ನೂಲಿನದು. ಬಿಲ್ಲಿಗೆ ನಮೂದಿಸಿದ ಉದ್ದ 62 ಇಂಚಾದರೆ ಹೆದೆ 58 ಇಂಚು, ಕೊಳ್ಳುವಾಗ ಈ 4 ಇಂಚಿನ ಲೆಕ್ಕ ಮರೆಯಬೇಡಿ. ಹೊಸ ಡಾಕ್ರಾನ್ ಮೊದಲ ನೂರು ಬಾಣದೊಳಗೆ ಹಿಗ್ಗುತ್ತದೆ, ಆಗ ಬ್ರೇಸ್ ಹೈಟ್ ತಗ್ಗುತ್ತದೆ. ಬ್ರೇಸ್ ಹೈಟ್ ಎಂದರೆ ಹಿಡಿಯ ಆಳವಾದ ಜಾಗದಿಂದ ಹೆದೆಗೆ ಇರುವ ಅಂತರ. ಈ ಬಿಲ್ಲಿಗೆ ಅದು 7.5ರಿಂದ 8.25 ಇಂಚಿನ ನಡುವೆ ಇರಲಿ. ತಗ್ಗಿದರೆ ಹೆದೆ ಮುಂಗೈಗೆ ಬಡಿಯುತ್ತದೆ, ಬಿಲ್ಲು ಗಡಗಡ ಅನ್ನುತ್ತದೆ. ಹೊಸಬರ ಮುಂಗೈಯ ನೀಲಿ ಬರೆಗಳಿಗೆ ಅರ್ಧ ಕಾರಣ ತಪ್ಪು ನಿಲುವು, ಇನ್ನರ್ಧ ತಗ್ಗಿದ ಬ್ರೇಸ್ ಹೈಟ್. ಸರಿಪಡಿಸಲು ಹೆದೆ ಇಳಿಸಿ, ಒಂದು ಕುಣಿಕೆ ಬಿಡಿಸಿ, ನೂಲು ಹೊಸೆದ ದಿಕ್ಕಿಗೇ ನಾಲ್ಕೈದು ಸುತ್ತು ಹೊಸೆಯಿರಿ. ಹೊಸೆದಷ್ಟೂ ಹೆದೆ ಗಿಡ್ಡವಾಗಿ ಅಂತರ ಏರುತ್ತದೆ. 7.5ರಿಂದ ಶುರುಮಾಡಿ ಮೂರು ಮಿಲಿಮೀಟರ್‌ನಂತೆ ಏರಿಸುತ್ತ, ಪ್ರತಿಸಲ ಐದಾರು ಬಾಣ ಬಿಟ್ಟು ಕಿವಿಗೊಡಿ. ಒಂದು ಕಡೆ ಸದ್ದು ತಟಕ್ಕನೆ ಮೆತ್ತಗಾಗುತ್ತದೆ, ಅಲ್ಲಿಗೆ ನಿಲ್ಲಿಸಿ ಅಳತೆಯನ್ನು ಬರೆದಿಡಿ. ವಾರಕ್ಕೊಮ್ಮೆ ಹೆದೆಗೆ ಜೇನುಮೇಣ ಸವರಿ, ಬೆರಳಿನಿಂದ ಉಜ್ಜಿ ಬಿಸಿ ಮಾಡಿದರೆ ನೂಲು ಕೆದರುವುದಿಲ್ಲ.

ಹಿಗ್ಗದ ಹೊಸ ಬಗೆಯ ನೂಲಿನ ಹೆದೆಯಿಂದ ಬಾಣದ ವೇಗ ಒಂದಿಷ್ಟು ಹೆಚ್ಚುತ್ತದೆ. ಆದರೆ ಲಿಂಬ್ ತುದಿಯನ್ನು ಅದಕ್ಕೆಂದೇ ಬಲಪಡಿಸಿರಬೇಕು. ನಾಲ್ಕು ಜನರ ಕೈಗೆ ಹೋಗುವ ಬಿಲ್ಲಿಗೆ ಡಾಕ್ರಾನ್ ಸಾಕು, ಸಣ್ಣಪುಟ್ಟ ತಪ್ಪುಗಳನ್ನು ಅದು ತಡೆದುಕೊಳ್ಳುತ್ತದೆ.

ಬಾಣ ಕೂರಿಸುವ ಜಾಗವನ್ನು ಗುರುತಿಸಲು ಹೆದೆಗೆ ಹಿತ್ತಾಳೆಯ ಉಂಗುರ ಒತ್ತುತ್ತಾರೆ, ಇಲ್ಲವೇ ನೂಲು ಸುತ್ತುತ್ತಾರೆ. ಶೆಲ್ಫ್‌ಗೆ ಲಂಬವಾಗಿ ಗೆರೆ ಎಳೆದರೆ ಹೆದೆಯ ಮೇಲೆ ಬರುವ ಬಿಂದುವಿಗಿಂತ ಮುಕ್ಕಾಲು ಅಂಗುಲ ಮೇಲೆ ಎಂದೆಲ್ಲ ಕೆಲವರು ಹೇಳುವುದುಂಟು, ಅಷ್ಟು ಬೇಡ. ಒಂದು ಬೆರಳು ಬಾಣದ ಮೇಲೆ, ಎರಡು ಕೆಳಗೆ ಹಿಡಿಯುವವರಿಗೆ 3/8ರಿಂದ 1/2 ಇಂಚು. ಮೂರೂ ಬೆರಳು ಕೆಳಗೆ ಹಿಡಿಯುವವರಿಗೆ ಅದಕ್ಕಿಂತ ಸ್ವಲ್ಪ ಮೇಲೆ. ಜಾಗ ತಗ್ಗಿದರೆ ಬಾಣದ ಹಿಂಭಾಗ ಶೆಲ್ಫ್‌ಗೆ ಬಡಿದು ಪುಟಿಯುತ್ತದೆ, ಬಾಣ ಹಾರುವಾಗ ತಲೆದೂಗುತ್ತ ಹೋಗುತ್ತದೆ. ಬಾಣದ ನಾಕ್, ಅಂದರೆ ಹೆದೆಗೆ ಕಚ್ಚಿಕೊಳ್ಳುವ ಹಿಂತುದಿ, ಎಷ್ಟು ಬಿಗಿ ಇರಬೇಕು ಎಂಬುದಕ್ಕೆ ಸುಲಭ ಪರೀಕ್ಷೆ ಇದೆ: ಬಾಣವನ್ನು ಹೆದೆಗೆ ಕಚ್ಚಿಸಿ ನೆಲದ ಕಡೆ ತೂಗಿಬಿಡಿ. ತಾನಾಗಿ ಬೀಳಬಾರದು, ಹೆದೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಬೀಳಬೇಕು. ಸಡಿಲವಿದ್ದು ಬಿಡುವ ಗಳಿಗೆಯಲ್ಲಿ ಬಾಣ ಕಳಚಿಕೊಂಡರೆ ಬಿಲ್ಲು ಖಾಲಿ ಹೊಡೆದಂತಾಗುತ್ತದೆ. ಬಾಣವಿಲ್ಲದೆ ಹೆದೆ ಬಿಟ್ಟರೆ ಬಾಣ ಹೊತ್ತೊಯ್ಯಬೇಕಾದ ಶಕ್ತಿಯೆಲ್ಲ ಲಿಂಬ್‌ಗೇ ಮರಳುತ್ತದೆ. ಒಂದೇ ಸಲಕ್ಕೆ ಲಿಂಬ್ ಸೀಳಬಹುದು. ಬಿಲ್ಲು ಕೈಗೆ ಬಂದವರೆಲ್ಲ ಮೊದಲು ಮಾಡುವುದು ಅದನ್ನೇ, ಕೊಡುವ ಮೊದಲೇ ಹೇಳಿ.

ಶೆಲ್ಫ್ ಮೇಲಿಂದ ನೇರ ಬಿಡುವುದಾದರೆ ಹಕ್ಕಿಯ ಗರಿಯ ಬಾಣವೇ ಬೇಕು. ಪ್ಲಾಸ್ಟಿಕ್ ರೆಕ್ಕೆ ಬಾಗುವುದಿಲ್ಲ, ಶೆಲ್ಫ್‌ಗೆ ತಾಗಿ ಬಾಣವನ್ನು ಒದೆಯುತ್ತದೆ. ಮೂರು ಗರಿಗಳಲ್ಲಿ ಬೇರೆ ಬಣ್ಣದ್ದು ಬಿಲ್ಲಿನಿಂದ ಹೊರಮುಖವಾಗಿರಲಿ. ಎಡರೆಕ್ಕೆಯ ಗರಿಯನ್ನೂ ಬಲರೆಕ್ಕೆಯದನ್ನೂ ಒಂದೇ ಬಾಣಕ್ಕೆ ಅಂಟಿಸಬಾರದು. ಮಲೆನಾಡಿನ ಮಳೆಯಲ್ಲಿ ಗರಿ ಒದ್ದೆಯಾಗಿ ಮುದುಡುತ್ತದೆ. ಹಬೆಗೆ ಹಿಡಿದರೆ ಮತ್ತೆ ಅರಳುತ್ತದೆ.

ಬಾಣದ ಕಡ್ಡಿಯ ಬಾಗುವಿಕೆಗೆ ಸ್ಪೈನ್ ಎನ್ನುತ್ತಾರೆ. 28 ಇಂಚಿನ ಅಂತರದ ಎರಡು ಆಸರೆಗಳ ಮೇಲಿಟ್ಟು ನಡುವೆ 880 ಗ್ರಾಂ ತೂಗಿಬಿಟ್ಟಾಗ ಅರ್ಧ ಇಂಚು ಬಾಗಿದರೆ ಅದು 500. ಅಂಕೆ ದೊಡ್ಡದಾದಷ್ಟೂ ಕಡ್ಡಿ ಮೆದು. ಕಾರ್ಬನ್ ಬಾಣವಾದರೆ ಕೈಗೆ ಬರುವ ಭಾರ 25 ಪೌಂಡ್ ಇದ್ದಾಗ 800ರಿಂದ 1000, 30ಕ್ಕೆ 700ರಿಂದ 800, 35ಕ್ಕೆ 600 ಹತ್ತಿರದಿಂದ ಶುರುಮಾಡಿ. ಉದ್ದ ನಿಮ್ಮ ಸೆಳೆತಕ್ಕಿಂತ ಕನಿಷ್ಠ ಒಂದು ಇಂಚು ಹೆಚ್ಚಿರಲಿ. ಅಂಗಡಿಯಲ್ಲಿ ರಾಟೆಗಳಿರುವ ಕಾಂಪೌಂಡ್ ಬಿಲ್ಲಿಗೆಂದು ಇಟ್ಟ 400ರ ಬಾಣವನ್ನು ಕೊಟ್ಟು ಕಳಿಸಿದರೆ, 25 ಪೌಂಡ್ ಬಿಲ್ಲಿನಿಂದ ಅದು ಬಲಗೈಯವರಿಗೆ ಯಾವಾಗಲೂ ಎಡಕ್ಕೆ ಹೋಗುತ್ತದೆ. ಹೊಸಬರು ತಮ್ಮ ಕೈ ಸರಿಯಿಲ್ಲ ಎಂದು ತಿಂಗಳುಗಟ್ಟಲೆ ಕೊರಗುತ್ತಾರೆ. ತಪ್ಪು ಕೈಯದಲ್ಲ, ಕಡ್ಡಿಯದು. ತೀರಾ ಮೆದುವಾದರೆ ಬಾಣ ಬಲಕ್ಕೆ ವಾಲುತ್ತದೆ. ತೂಕ ಪೌಂಡಿಗೆ 8 ಗ್ರೇನ್‌ಗಿಂತ ಕಡಿಮೆ ಆಗಬಾರದು, 10 ಇದ್ದರೆ ಬಿಲ್ಲು ಸದ್ದಿಲ್ಲದೆ ಬಿಡುತ್ತದೆ. 30 ಪೌಂಡ್‌ಗೆ 300 ಗ್ರೇನ್, ಅಂದರೆ ಸುಮಾರು 19.5 ಗ್ರಾಂ. ಪ್ರತಿ ಬಾಣವನ್ನೂ ಬಿಡುವ ಮೊದಲು ಕಿವಿಯ ಬಳಿ ಹಿಡಿದು ಮೆಲ್ಲಗೆ ಬಗ್ಗಿಸಿ. ಚರ್ರ್ ಎಂದರೆ ಮುರಿದು ಎಸೆಯಿರಿ, ಇಲ್ಲವಾದರೆ ಮತ್ತೊಬ್ಬರು ಎತ್ತಿ ಬಳಸುತ್ತಾರೆ.

ಗುರಿಗೆ ದುಬಾರಿ ಫೋಮ್ ಬೇಕಿಲ್ಲ. ಗೋಣಿಚೀಲದೊಳಗೆ ಹಳೆ ಬಟ್ಟೆ, ಪ್ಲಾಸ್ಟಿಕ್ ಹಾಳೆ ತುಳಿದು ತುಳಿದು ತುಂಬಿ ಬಾಯಿ ಹೊಲಿದರೆ 30 ಪೌಂಡ್ ಬಿಲ್ಲಿನ ಬಾಣವನ್ನು ಚೆನ್ನಾಗಿ ತಡೆಯುತ್ತದೆ. ಮೊದಲ ಎರಡು ವಾರ 5 ಮೀಟರ್‌ನಿಂದ, ಚೀಲದ ಮೇಲೆ ಯಾವ ಗುರುತೂ ಇಲ್ಲದೆ ಬಿಡಿ. ಗುರುತು ಕಂಡೊಡನೆ ಮನಸ್ಸು ಅದರ ಹಿಂದೆ ಓಡುತ್ತದೆ, ಭುಜ ಮರೆತುಹೋಗುತ್ತದೆ. ಆಮೇಲೆ 10, ಆಮೇಲೆ 18 ಮೀಟರ್. ಮನೆಯ ತಾರಸಿ ಮೇಲೆ ಬೇಡವೇ ಬೇಡ. 25 ಪೌಂಡ್ ಬಿಲ್ಲಿನ ಬಾಣ ಮೇಲ್ಮುಖವಾಗಿ ತಪ್ಪಿದರೆ ನೂರು ಮೀಟರ್ ದಾಟಿ ಹೋಗುತ್ತದೆ. 45, 50 ಪೌಂಡ್‌ನ ಲಿಂಬ್‌ಗಳನ್ನು ಮಾರುವುದು ಬೇಟೆಗೆಂದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ, ಆದ್ದರಿಂದ ಆ ಲಿಂಬ್‌ಗಳಿಗೆ ಇಲ್ಲಿ ಕೆಲಸವೂ ಇಲ್ಲ.

ಸೇಜ್‌ನ ಇತರ ಕೊರತೆಗಳು: ಹಿಡಿ ದಪ್ಪ, ಚಿಕ್ಕ ಅಂಗೈಯವರಿಗೆ ಹೆಬ್ಬೆರಳ ಬುಡ ನೋಯುತ್ತದೆ. ಜೊತೆಗೆ ಬರುವ ಹೆದೆ ಕೆಲಸ ನಡೆಸುತ್ತದೆ, ಆದರೆ ನಡುವೆ ಸುತ್ತಿದ ನೂಲು ಬೇಗ ಸಡಿಲವಾಗುತ್ತದೆ. ಬಾಣಕ್ಕೆ ಆಸರೆಯಾಗಿ ಅಂಟಿಸುವ ಪ್ಲಾಸ್ಟಿಕ್ ರೆಸ್ಟ್ ಕೊಟ್ಟಿದ್ದರೆ ಅದೂ ಬಹಳ ದಿನ ಬಾಳುವುದಿಲ್ಲ. ಶೆಲ್ಫ್‌ಗೆ ಒಂದು ತುಂಡು ಮೆತ್ತನೆ ಚರ್ಮ ಅಂಟಿಸಿದರೆ ಸಾಕು. ಇದೇ ಆಕಾರದ ಅಗ್ಗದ ನಕಲುಗಳೂ ಇವೆ. ಬೋಲ್ಟ್ ನೇರ ಮರಕ್ಕೇ ತಿರುಗುವಂತಿದ್ದರೆ, ಒಳಗೆ ಹಿತ್ತಾಳೆ ಕಾಣದಿದ್ದರೆ ಅಂಥದ್ದನ್ನು ಮುಟ್ಟಬೇಡಿ.

ನಮ್ಮ ಹವೆಗೆ ಒಂದು ಎಚ್ಚರಿಕೆ. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಕಾರೊಳಗೆ ಬಿಲ್ಲು ಬಿಟ್ಟರೆ ಪದರಗಳ ಅಂಟು ಮೆದುವಾಗುತ್ತದೆ. ಹೆದೆ ಏರಿಸಿದ್ದರಂತೂ ಲಿಂಬ್ ಅಲ್ಲೇ ತಿರುಚಿಕೊಳ್ಳುತ್ತದೆ. ಕರಾವಳಿಯಲ್ಲಿ ಬೋಲ್ಟ್‌ಗೆ ತುಕ್ಕು ಹತ್ತದಂತೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಹಚ್ಚಿ. ಅಭ್ಯಾಸ ಮುಗಿದೊಡನೆ ಹೆದೆ ಇಳಿಸಿ. ಮೂಲೆಯಲ್ಲಿ ಕೆಳಗಿನ ಲಿಂಬ್ ಮೇಲೆ ನಿಲ್ಲಿಸಬೇಡಿ, ಮಲಗಿಸಿಡಿ ಇಲ್ಲವೇ ಎರಡು ಗೂಟಕ್ಕೆ ತೂಗಿಹಾಕಿ.

ಇಷ್ಟೆಲ್ಲ ಕೊರತೆ ಹೇಳಿಯೂ ಮೊದಲ ಬಿಲ್ಲಾಗಿ ಇದನ್ನೇ ನಾವು ಮುಂದಿಡುವುದಕ್ಕೆ ಕಾರಣ ಲಿಂಬ್ ಬದಲಿಸುವ ಅನುಕೂಲ. ಎಂಟು ಹತ್ತು ತಿಂಗಳು 25ರಲ್ಲಿ ಪಳಗಿದವರು 30ಕ್ಕೆ, ಮತ್ತೊಂದಿಷ್ಟು ಕಾಲಕ್ಕೆ 35ಕ್ಕೆ ಹೋಗುತ್ತಾರೆ. ರೈಸರ್ ಅದೇ ಉಳಿಯುತ್ತದೆ, ಕೈಗೆ ಹೊಂದಿದ ಹಿಡಿ ಬದಲಾಗುವುದಿಲ್ಲ. ಆಗ 25ರ ಲಿಂಬ್ ಅಟ್ಟ ಸೇರಬಾರದು. ಬಿಲ್ಲುಗಾರಿಕೆಗೆ ಕರೆತಂದವರಿಗೆ ಏನು ಕೊಡೋಣ ಎಂದು ಕೇಳಿದರೆ ಬಹುಪಾಲು ಹಳಬರು, "ನನಗೇನೂ ಬೇಡ, ಆ ಲಿಂಬ್ ಬೇರೆಯವರಿಗೆ ಕೊಡಿ" ಎನ್ನುತ್ತಾರೆ. ಹಾಗೇ ಮಾಡಿ. ಬೇರೆ ಕಂಪನಿಯ ರೈಸರ್ ಇರುವವರಿಗೆ ಕೊಡುವುದಾದರೆ ಬೋಲ್ಟ್ ಮತ್ತು ಪಿನ್‌ನ ತೂತುಗಳ ನಡುವಿನ ಅಂತರ, ಲಿಂಬ್ ಬುಡದ ಅಗಲ ಎರಡನ್ನೂ ಅಳೆದು ನೋಡಿ. ಹೊರಗಿನಿಂದ ಒಂದೇ ಥರ ಕಂಡರೂ ಎಲ್ಲವೂ ಕೂರುವುದಿಲ್ಲ. ಒತ್ತಿ ಕೂರಿಸಿದರೆ ಸೀಳುತ್ತದೆ.

ಕೊಡುವ ಮೊದಲು ಹತ್ತಿಯ ಉಂಡೆಯ ಪರೀಕ್ಷೆ ಇನ್ನೊಮ್ಮೆ ಮಾಡಿ. ಎರಡೂ ಲಿಂಬನ್ನು ಹತ್ತಿ ಬಟ್ಟೆಯಲ್ಲಿ ಬೇರೆಬೇರೆ ಸುತ್ತಿ, ಹಳೆಯ ಹೆದೆಯ ಬದಲು ಹೊಸ 58 ಇಂಚಿನ ಡಾಕ್ರಾನ್ ಹೆದೆ ಮತ್ತು ಸ್ಟ್ರಿಂಗರ್ ಜೊತೆಗಿಡಿ. ನಿಮ್ಮ ಅಳತೆಯ ಬಾಣ ಕೊಡಬೇಡಿ, ಅವರ ಸೆಳೆತ ಬೇರೆ ಇರಬಹುದು, ಗಿಡ್ಡ ಬಾಣ ಅಪಾಯ. ಒಂದು ಚೀಟಿಯಲ್ಲಿ ಯಾವುದು ಕೆಳಗಿನ ಲಿಂಬ್, ಯಾವ ಬ್ರೇಸ್ ಹೈಟ್‌ಗೆ ಸದ್ದು ಮೆತ್ತಗಾಯಿತು, ಯಾವ ಸ್ಪೈನ್ ಬಾಣ ನೇರ ಹೋಯಿತು ಎಂದು ಬರೆಯಿರಿ. ಕೆಳಗೆ, ಆ ಲಿಂಬ್ ನಿಮ್ಮ ಕೈಗೆ ಬರಲು ಕಾರಣರಾದವರ ಹೆಸರು. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಮಳೆಗಾಲದ ತೇವಕ್ಕೆ ಹರಡುತ್ತದೆ.